ವೀರಯೋಧ ಹನುಮಂತಪ್ಪ ಕೊಪ್ಪದ ಮತ್ತು ಅವರ ಒಂಬತ್ತು ಮಂದಿ ಸಂಗಡಿಗರು

(ಪೊಳ್ಳಾಚಿಯಲ್ಲಿ ಸಂಘದ ವಾರ್ಷಿಕೋತ್ಸವದ ಸಂದರ್ಭದಲ್ಲಿ ಮಾಡಿದ ಭಾಷಣ)



ವಾರ್ಷಿಕೋತ್ಸವವೆಂದರೆ ಹರ್ಷದ ಸಮಯ. ಮಕ್ಕಳ ಹಾಡು, ಕೋಲಾಟ, ಬಹುಮಾನ ವಿತರಣೆ, ಸಿಹಿಯೂಟ ಇವುಗಳ ನಡುವೆ ಒಬ್ಬ ತರುಣ ಯೋಧನ ಮರಣದ ಮಾತನ್ನೆತ್ತುವುದು ಉಚಿತವೇ ಎಂದು ತಮ್ಮಲ್ಲಿ ಕೆಲವರಿಗೆ ಅನ್ನಿಸಬಹುದು. ನಮಗೂ ಹಾಗೆ ಅನ್ನಿಸದೆ ಇರಲಿಲ್ಲ. ಆದರೆ ಮನೆಯಲ್ಲಿ ಹಬ್ಬವಾದ ದಿನ ಮೊದಲು ಹಿರಿಯರಿಗೆ ಎಡೆಯಿಟ್ಟು, ಆಮೇಲೆ ನಾವು ಎಲೆಯ ಮುಂದೆ ಕೂಡುವುದು ನಮ್ಮ ಹಿಂದಿನವರ ಪದ್ಧತಿ. ಆ ಪದ್ಧತಿಯನ್ನು ನೆನೆದೇ ನಾವು ಈ ದಿನ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರನ್ನು ಕುರಿತು ನಾಲ್ಕು ಮಾತುಗಳನ್ನು ತಮ್ಮಲ್ಲಿ ಅರಿಕೆ ಮಾಡಿಕೊಳ್ಳಲು ನಿಂತಿದ್ದೇವೆ. ಅವರೊಡನೆ ಮಡಿದ ಒಂಬತ್ತು ಮಂದಿಯ ವಿಷಯವಾಗಿ ನಮ್ಮಿಂದಾದ ಒಂದು ತಪ್ಪನ್ನು ಒಪ್ಪಿಕೊಳ್ಳುವುದೂ ಈ ಭಾಷಣದ ಉದ್ದೇಶವಾಗಿದೆ.

ಪೊಳ್ಳಾಚಿಯ ಕನ್ನಡಿಗರಾದ ನಮ್ಮ ಸ್ಥಿತಿಯನ್ನು ತಾವೆಲ್ಲರೂ ಬಲ್ಲಿರಿ. ದೇವಾಂಗರಾಗಲಿ ಒಕ್ಕಲಿಗರಾಗಲಿ ಇತರರಾಗಲಿ, ತಲೆಮಾರುಗಳ ಹಿಂದೆ ಘಟ್ಟವಿಳಿದು ಈ ಕೊಂಗುನಾಡಿಗೆ ಬಂದು ನೆಲೆಸಿದವರ ಮಕ್ಕಳು ನಾವು. ಒಲೆಯ ಮುಂದೆ ಕನ್ನಡ, ಸಂತೆಯಲ್ಲಿ ತಮಿಳು, ಪಾಲಘಾಟಿನ ಕಡೆ ನಾಲ್ಕು ಹರದಾರಿ ಹೋದರೆ ಮಲಯಾಳ. ನಮ್ಮಲ್ಲಿ ಅನೇಕರಿಗೆ ಕನ್ನಡ ನಾಲಿಗೆಯ ಮೇಲೆ ಉಂಟು, ಕಣ್ಣಿಗೆ ಇಲ್ಲ. ಮಾತು ಬರುವುದು, ಅಕ್ಷರ ಬಾರದು. ಇಂಥ ನಮಗೆ ಭಾರತದ ಸೈನ್ಯದಲ್ಲಿ ಎಲ್ಲಕ್ಕಿಂತ ಸಮೀಪವಾದುದು ಮದ್ರಾಸ್ ರೆಜಿಮೆಂಟು. ಅದರ ಕೇಂದ್ರವು ನಮ್ಮ ಮಗ್ಗುಲಿನ ನೀಲಗಿರಿಯ ಮೇಲೆ, ವೆಲಿಂಗ್ಟನ್ನಿನಲ್ಲಿದೆ. 1758ರಲ್ಲಿ ಬೇರೂರಿದ ಈ ದಳವು ನಮ್ಮ ಕಾಲಾಳು ಪಡೆಗಳಲ್ಲೆಲ್ಲ ಹಳೆಯದು. ತಮಿಳರು, ಮಲಯಾಳಿಗಳು, ಆಂಧ್ರರು, ಕನ್ನಡಿಗರು ಅದರಲ್ಲಿ ಒಟ್ಟಿಗೆ ಉಣ್ಣುವರು, ಒಟ್ಟಿಗೆ ಕಾದುವರು. 'ವೀರ ಮದ್ರಾಸಿ, ಅಡಿ ಕೊಲ್ಲು' ಎಂಬುದು ಅವರ ರಣಘೋಷ. 'ಅಡಿ' ಎಂದರೆ ತಮಿಳಿನಲ್ಲಿ ಹೊಡೆ ಎಂದರ್ಥ. 'ಕೊಲ್ಲು' ಎಂಬುದಕ್ಕೆ ನಮಗಾಗಲಿ ಅವರಿಗಾಗಲಿ ಅರ್ಥ ಹೇಳಬೇಕಾದುದಿಲ್ಲ. ನಮ್ಮ ಮನೆಗಳ ಮಾತಿನಂತೆಯೇ ಬೆರೆತ ಮಾತು ಅದು.

ಹನುಮಂತಪ್ಪನವರು ಧಾರವಾಡ ಜಿಲ್ಲೆಯ ಕುಂದಗೋಳ ತಾಲ್ಲೂಕಿನ ಬೆಟದೂರಿನವರು. ಕರಿಮಣ್ಣಿನ ಬಯಲುಸೀಮೆಯ ಒಂದು ಸಾಮಾನ್ಯ ಹಳ್ಳಿ ಅದು. ಅವರು 2002ನೆಯ ಇಸವಿ ಅಕ್ಟೋಬರ್ 25ರಂದು ಮದ್ರಾಸ್ ರೆಜಿಮೆಂಟಿನ 19ನೆಯ ಬೆಟಾಲಿಯನ್ನನ್ನು ಸೇರಿದರು. ಹದಿಮೂರು ವರ್ಷಗಳ ಅವರ ಸೇವೆಯಲ್ಲಿ ಹತ್ತು ವರ್ಷಗಳು ಕಠಿನವಾದ ಪ್ರದೇಶಗಳಲ್ಲಿಯೇ ಕಳೆದುವು. 2003ರಿಂದ 2006ರವರೆಗೆ ಜಮ್ಮು ಸೀಮೆಯ ಮಾಹೋರಿನಲ್ಲಿದ್ದರು. 2008ರಲ್ಲಿ ತಾವಾಗಿಯೇ ಮುಂದೆ ಬಂದು 54ನೆಯ ರಾಷ್ಟ್ರೀಯ ರೈಫಲ್ಸಿಗೆ ಹೋಗಿ ಎರಡು ವರ್ಷ ಮತ್ತೆ ಕಾಶ್ಮೀರದ ಸೇವೆ ಮಾಡಿದರು. 2010ರಿಂದ 2012ರವರೆಗೆ ಈಶಾನ್ಯ ಭಾರತದಲ್ಲಿದ್ದರು. ಕಷ್ಟದ ಕೆಲಸವು ಸರದಿಯಾಗಿ ಬಂದರೆ ಮಾಡುವವರು ಬಹಳ ಮಂದಿ. ಅದನ್ನು ಕೇಳಿ ಪಡೆಯುವವರು ಕೆಲವರು. ಅವರು ಈ ಕೆಲವರ ಪಂಕ್ತಿಗೆ ಸೇರಿದವರು. 2015ನೆಯ ಆಗಸ್ಟಿನಲ್ಲಿ ಅವರು ಸಿಯಾಚಿನ್ನಿಗೆ ಹೋದರು. ಅದೇ ವರ್ಷದ ಡಿಸೆಂಬರಿನಲ್ಲಿ 19,600 ಅಡಿ ಎತ್ತರದ ಸೋನಂ ಠಾಣೆಯ ಕಾವಲಿಗೆ ಏರಿದರು.

19,600 ಅಡಿ ಎಂದರೆ ಎಷ್ಟು? ನಮ್ಮ ಕಣ್ಣಳತೆಯ ದೊಡ್ಡಬೆಟ್ಟದ ಎತ್ತರ 8,652 ಅಡಿ. ಎರಡು ದೊಡ್ಡಬೆಟ್ಟಗಳನ್ನು ಒಂದರ ಮೇಲೊಂದು ಇಟ್ಟರೂ ಆ ಠಾಣೆಗೆ ಇನ್ನೂ ಎರಡು ಸಾವಿರ ಅಡಿ ಏರಬೇಕು. ನಾವಿಲ್ಲಿ ಉಸಿರಾಡುವ ಪ್ರಾಣವಾಯುವಿನ ಅರ್ಧದಷ್ಟೂ ಅಲ್ಲಿ ದೊರೆಯುವುದಿಲ್ಲ. ಚಳಿಯು ಸೊನ್ನೆಗಿಂತ 40 ಡಿಗ್ರಿ ಕೆಳಗಿಳಿಯುತ್ತದೆ. ಗಾಳಿಯು ಗಂಟೆಗೆ 100 ಕಿಲೋಮೀಟರು ವೇಗದಲ್ಲಿ ಬೀಸುತ್ತದೆ. ಬಾಲ್ಟಿ ಭಾಷೆಯಲ್ಲಿ ಸಿಯಾಚಿನ್ ಎಂದರೆ ಕಾಡುಗುಲಾಬಿಗಳ ತಾಣವೆಂದು ಅರ್ಥ. 1984ನೆಯ ಇಸವಿ ಏಪ್ರಿಲ್ 13ರಂದು ನಮ್ಮ ಸೈನ್ಯವು 'ಮೇಘದೂತ'ವೆಂಬ ಹೆಸರಿನ ಕಾರ್ಯಾಚರಣೆಯಿಂದ ಅಲ್ಲಿ ಕಾಲೂರಿತು. 2003ನೆಯ ನವೆಂಬರಿನಲ್ಲಿ ಎರಡು ದೇಶಗಳೂ ಗುಂಡು ಹಾರಿಸುವುದನ್ನು ನಿಲ್ಲಿಸಿದುವು. ಕಾವಲು ಮಾತ್ರ ನಿಲ್ಲಲಿಲ್ಲ. ಶತ್ರುವಿನ ಗುಂಡಿಗಿಂತ ಹಿಮಕ್ಕೂ ಚಳಿಗೂ ಅಲ್ಲಿ ಬಲಿಯಾದವರೇ ಹೆಚ್ಚು.

'ಹಿಮ ಬಿದ್ದು ಸತ್ತರೆ ಅದು ಯುದ್ಧದ ಸಾವೇ?' ಎಂದು ಕೇಳಿದವರನ್ನು ನಾವು ಕಂಡಿದ್ದೇವೆ. ಹೊಲದ ಬೇಲಿಯ ಬಳಿ ರಾತ್ರಿಯೆಲ್ಲ ಕಾವಲಿದ್ದವನನ್ನು ಕಳ್ಳನು ಇರಿದರೇನು, ಹಾವು ಕಚ್ಚಿದರೇನು? ಅವನು ಸತ್ತದ್ದು ಕಾವಲಿನಲ್ಲಿ. ಬೆಳೆ ಉಳಿದದ್ದು ಅವನಿಂದ. ಇದಕ್ಕಿಂತ ಹೆಚ್ಚಿನ ಉತ್ತರ ಆ ಪ್ರಶ್ನೆಗೆ ಬೇಕಿಲ್ಲವೆಂದು ನಮ್ಮ ಭಾವನೆ.

2016ನೆಯ ಫೆಬ್ರವರಿ 3ರಂದು ಮಂಜುಗಡ್ಡೆಯ ಒಂದು ಮಹಾಗೋಡೆಯು ಕುಸಿದು ಆ ಠಾಣೆಯ ಮೇಲೆ ಬಿದ್ದಿತು. ಠಾಣೆಯಲ್ಲಿದ್ದ ಹತ್ತು ಮಂದಿಯೂ ಹೂತುಹೋದರು. ಬದುಕಿರುವ ಸಂಭವವು ತೀರ ಕಡಿಮೆಯೆಂದು ಸೈನ್ಯದವರೇ ತಿಳಿಸಿದರು. ದೇಶದ ಪ್ರಧಾನಿಗಳು ಸಂತಾಪ ಸೂಚಿಸಿದರು. ಮನೆಗಳಲ್ಲಿ ಗೋಳು ಎದ್ದಿತು. ಆದರೂ ಹುಡುಕುವುದನ್ನು ಬಿಡಲಿಲ್ಲ. ನೂರೈವತ್ತಕ್ಕೂ ಹೆಚ್ಚು ಮಂದಿ ಯೋಧರು, ಹೆಲಿಕಾಪ್ಟರಿನಲ್ಲಿ ಬಿಡಿಬಿಡಿಯಾಗಿ ಸಾಗಿಸಿದ ಯಂತ್ರಗಳು, 'ಡಾಟ್' ಮತ್ತು 'ಮಿಶಾ' ಎಂಬ ಎರಡು ನಾಯಿಗಳು, ಇವು ಕಲ್ಲಿನಂತೆ ಗಟ್ಟಿಯಾದ ನೀಲಿ ಹಿಮವನ್ನು ಹಗಲಿರುಳು ಬಗೆದುವು. 8ರ ರಾತ್ರಿ 25 ಅಡಿಗೂ ಹೆಚ್ಚು ಆಳದಲ್ಲಿ, ಹರಿದ ಡೇರೆಯೊಳಗೆ, ಹನುಮಂತಪ್ಪನವರು ಸಿಕ್ಕಿದರು. ಉಸಿರು ಆಡುತ್ತಿತ್ತು.

ಆ ಸುದ್ದಿ ಬಂದ ಬೆಳಗ್ಗೆ ನಮ್ಮ ಮನೆಯಲ್ಲಿ ಕಂಡದ್ದನ್ನು ಹೇಳಬೇಕು. ಓದುಬರಹ ಅರಿಯದ, ಧಾರವಾಡವು ಯಾವ ದಿಕ್ಕಿಗಿದೆಯೆಂಬುದನ್ನೂ ಅರಿಯದ ನಮ್ಮ ವೃದ್ಧ ಸೋದರತ್ತೆಯವರು ಎಲ್ಲವನ್ನೂ ಕೇಳಿ, 'ಆ ಹುಡುಗನ ತಾಯಿಗೆ ಯಾರಾದರೂ ಹೇಳಿದರೇನಪ್ಪಾ?' ಎಂದು ಕೇಳಿ, ಎದ್ದು ಹೋಗಿ ಚೌಡೇಶ್ವರಿಯ ಪಟದ ಮುಂದೆ ದೀಪ ಹಚ್ಚಿದರು. ಆ ದಿನ ದೇಶದ ಎಷ್ಟು ಮನೆಗಳಲ್ಲಿ ಹೀಗೆ ದೀಪ ಉರಿಯಿತೋ! ಉತ್ತರ ಪ್ರದೇಶದ ಗೃಹಿಣಿಯೊಬ್ಬರು ತಮ್ಮ ಮೂತ್ರಪಿಂಡವನ್ನೇ ಕೊಡುವೆನೆಂದು ಮುಂದೆ ಬಂದರು. ದೆಹಲಿಯ ಸೈನ್ಯದ ಆಸ್ಪತ್ರೆಯಲ್ಲಿ ವೈದ್ಯರು ಪ್ರಯತ್ನಗಳೆಲ್ಲವನ್ನೂ ಮಾಡಿದರು. ಮೂಳೆ ಮುರಿದಿರಲಿಲ್ಲ, ಹಿಮವು ಮೈಯನ್ನು ಕೊರೆದಿರಲಿಲ್ಲ. ಆದರೆ ಪ್ರಜ್ಞೆ ಮರಳಲಿಲ್ಲ. ಶ್ವಾಸಕೋಶ, ಯಕೃತ್ತು, ಮೂತ್ರಪಿಂಡಗಳು ಸೋತಿದ್ದುವು. ಫೆಬ್ರವರಿ 11ರಂದು ಹಗಲು 11 ಗಂಟೆ 45 ನಿಮಿಷಕ್ಕೆ ಅವರು ತೀರಿಕೊಂಡರು. ಆಗ ಅವರಿಗೆ 33 ವರ್ಷ. ಮನೆಯಲ್ಲಿ ಎಳೆಯ ಮಗಳು. ಮರುದಿನ ಹುಬ್ಬಳ್ಳಿಯಲ್ಲಿ ಸಾವಿರಾರು ಜನ ಅಂತಿಮ ದರ್ಶನ ಪಡೆದ ಮೇಲೆ ಬೆಟದೂರಿನ ಮಣ್ಣಿನಲ್ಲಿ ಅವರ ಸಮಾಧಿಯಾಯಿತು. ಮರಣೋತ್ತರವಾಗಿ ಸೇನಾ ಪದಕವು ಅವರಿಗೆ ಸಂದಿತು; 2017ರ ಜನವರಿಯಲ್ಲಿ ಅವರ ಪತ್ನಿ ಅದನ್ನು ಸ್ವೀಕರಿಸಿದರು.

ಇನ್ನು ನಮ್ಮ ತಪ್ಪಿನ ವಿಷಯ. ಆ ವಾರ ಬೆಂಗಳೂರಿನಿಂದ ಬಂದ ನೆಂಟರು ತಂದಿದ್ದ ಕನ್ನಡ ಪತ್ರಿಕೆಯೊಂದನ್ನು ಹಿಡಿದು ನಾವು ಬೀದಿಯ ಕೊನೆಯ ಟೀ ಅಂಗಡಿಗೆ ಹೋಗಿದ್ದೆವು. ನೆರೆಯ ತಮಿಳು ಹಿರಿಯರೊಬ್ಬರು, ನಿವೃತ್ತ ಉಪಾಧ್ಯಾಯರು, ತಮ್ಮ ತಮಿಳು ಪತ್ರಿಕೆಯನ್ನು ಹಿಡಿದು ಕುಳಿತಿದ್ದರು. ನಾವು ಅಭಿಮಾನದಿಂದ, 'ನಮ್ಮ ಹನುಮಂತಪ್ಪ, ನಮ್ಮ ನಾಗೇಶ, ನಮ್ಮ ಮಹೇಶ' ಎಂದು ಮೂರು ಹೆಸರುಗಳನ್ನು ಓದಿದೆವು. ಅವರು, 'ನಮ್ಮ ಏಳುಮಲೈ, ಕುಮಾರ್, ಗಣೇಶನ್, ರಾಮಮೂರ್ತಿ' ಎಂದು ನಾಲ್ಕು ಹೆಸರುಗಳನ್ನು ಓದಿದರು. ಸ್ವಲ್ಪ ಹೊತ್ತು ಸುಮ್ಮನಿದ್ದು ಆ ಹಿರಿಯರು, 'ಐಯಾ, ನಿಮ್ಮವರು ಮೂವರೆಂದಿರಿ, ನಮ್ಮವರು ನಾಲ್ವರೆಂದೆ. ಕೂಡಿದರೆ ಏಳಾಯಿತು. ಉಳಿದ ಮೂವರು ಯಾರವರು?' ಎಂದರು.

ನಮ್ಮಲ್ಲಿ ಉತ್ತರವಿರಲಿಲ್ಲ. ಹೆಸರುಗಳು ಎರಡು ಪತ್ರಿಕೆಗಳಲ್ಲಿಯೂ ಅಚ್ಚಾಗಿದ್ದುವು. ನಮ್ಮ ಕಣ್ಣು ಅವುಗಳ ಮೇಲೆ ನಿಂತಿರಲಿಲ್ಲ ಅಷ್ಟೆ. ಆ ಹತ್ತು ಮಂದಿ ಒಂದೇ ಒಲೆಯ ಬಿಸಿಗೆ ಕೈಯೊಡ್ಡಿದವರು, ಒಂದೇ ಹಿಮದ ಕೆಳಗೆ ಮಲಗಿದವರು. ಅವರನ್ನು ಕಳೆದುಕೊಂಡ ದುಃಖ ಆರುವ ಮುನ್ನವೇ ನಾವು ಟೀ ಅಂಗಡಿಯ ಬೆಂಚಿನ ಮೇಲೆ ಕುಳಿತು ಅವರನ್ನು ಪಾಲು ಮಾಡಿಕೊಂಡಿದ್ದೆವು. ಅಂದಿನ ನಾಚಿಕೆ ಇನ್ನೂ ನಮ್ಮನ್ನು ಬಿಟ್ಟಿಲ್ಲ. ಆದುದರಿಂದ ಇಂದು ಹತ್ತು ಹೆಸರುಗಳನ್ನೂ ತಮ್ಮೆದುರಿನಲ್ಲಿ ಓದುತ್ತೇವೆ. ತಾವು ದಯವಿಟ್ಟು ಕೇಳಬೇಕು.

ಸುಬೇದಾರ್ ಟಿ. ಟಿ. ನಾಗೇಶ, ಹಾಸನ ಜಿಲ್ಲೆಯ ತೇಜೂರು.
ಹವಾಲ್ದಾರ್ ಎಂ. ಏಳುಮಲೈ, ವೇಲೂರು ಜಿಲ್ಲೆಯ ದುಕ್ಕಂಪಾರೈ.
ಲಾನ್ಸ್ ಹವಾಲ್ದಾರ್ ಎಸ್. ಕುಮಾರ್, ತೇನಿ ಜಿಲ್ಲೆಯ ಕುಮಣನ್‌ತೊಳು.
ಲಾನ್ಸ್ ನಾಯಕ್ ಬಿ. ಸುಧೀಶ್, ಕೇರಳದ ಕೊಲ್ಲಂ ಜಿಲ್ಲೆಯ ಮನ್ರೋ ತುರುತ್ತು.
ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ, ಧಾರವಾಡ ಜಿಲ್ಲೆಯ ಬೆಟದೂರು.
ಸಿಪಾಯಿ ಪಿ. ಎನ್. ಮಹೇಶ, ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ.
ಸಿಪಾಯಿ ಜಿ. ಗಣೇಶನ್, ಮಧುರೆ ಜಿಲ್ಲೆಯ ಚೊಕ್ಕತ್ತೇವನ್‌ಪಟ್ಟಿ.
ಸಿಪಾಯಿ ಎನ್. ರಾಮಮೂರ್ತಿ, ಕೃಷ್ಣಗಿರಿ ಜಿಲ್ಲೆಯ ಗುಡಿಸಾದನಪಳ್ಳಿ.
ಸಿಪಾಯಿ ಎಸ್. ಮುಷ್ತಾಕ್ ಅಹಮದ್, ಅಂದಿನ ಕರ್ನೂಲು ಜಿಲ್ಲೆಯ ಪಾರ್ನಪಲ್ಲೆ.
ಶುಶ್ರೂಷಾ ಸಹಾಯಕ ಸಿಪಾಯಿ ಎಸ್. ವಿ. ಸೂರ್ಯವಂಶಿ, ಮಹಾರಾಷ್ಟ್ರದ ಸಾತಾರಾ ಜಿಲ್ಲೆಯ ಮಸ್ಕರವಾಡಿ.

ಮನ್ರೋ ತುರುತ್ತು ಎಂಬುದು ಕಲ್ಲಡ ಹೊಳೆಯೂ ಅಷ್ಟಮುಡಿ ಹಿನ್ನೀರೂ ಕೂಡುವಲ್ಲಿರುವ ತೆಂಗಿನ ದ್ವೀಪ. ಅಲ್ಲಿಯ ಸುಧೀಶರು ಹಿಮದಲ್ಲಿ ಮಡಿದರು. ಕೃಷ್ಣಗಿರಿಯ ರಾಮಮೂರ್ತಿಯವರು ಕನ್ನಡ ತಮಿಳು ತೆಲುಗು ಮೂರೂ ಕೂಡುವ ಸೀಮೆಯವರು, ನಮ್ಮಂತೆಯೇ ಗಡಿಯವರು. ಹನುಮಂತಪ್ಪನವರು ಆರು ದಿನ ಹಿಮದಡಿಯಲ್ಲಿ ಜೀವ ಹಿಡಿದಿದ್ದುದರಿಂದ ಲೋಕವು ಅವರನ್ನು ಬಲ್ಲದು. ಒಂಬತ್ತು ಮಂದಿಯ ಉಸಿರು ಮೊದಲೇ ನಿಂತಿತೆಂಬ ಒಂದೇ ಕಾರಣದಿಂದ ಅವರ ಹೆಸರುಗಳು ಮರೆಗೆ ಸರಿದುವು. ಇದು ನ್ಯಾಯವಲ್ಲ.

ಸೋದರರೆ, ಮಡಿದ ವೀರನನ್ನು ನೆನೆಯುವುದು ಹೇಗೆಂಬುದನ್ನು ನಾವು ಹೊರಗಿನವರಿಂದ ಕಲಿಯಬೇಕಾದುದಿಲ್ಲ. ಕನ್ನಡನಾಡಿನ ಊರೂರಲ್ಲಿ ವೀರಗಲ್ಲುಗಳಿವೆ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಕೊಂಡೊಯ್ಯುವ ಅಪ್ಸರೆಯರು, ಮೇಲೆ ಶಿವಸನ್ನಿಧಿ. ತಮಿಳರಲ್ಲಿ ಇದೇ ಕಲ್ಲು 'ನಡುಕಲ್' ಎನಿಸಿತು; ಅದನ್ನು ಆರಿಸಿ, ತಂದು, ನೀರಲ್ಲಿರಿಸಿ, ನೆಟ್ಟು, ಹೊಗಳುವ ಕ್ರಮವನ್ನು ತೊಲ್ಕಾಪ್ಪಿಯವು ಹೇಳಿದೆ. ಕಲ್ಲು ನೆಟ್ಟ ಊರವರು ಅಷ್ಟಕ್ಕೆ ಕೈ ತೊಳೆದುಕೊಳ್ಳುತ್ತಿರಲಿಲ್ಲ. ಮಡಿದವನ ಮನೆಯವರಿಗೆ ಭೂಮಿ ಬಿಡುತ್ತಿದ್ದರು. ಆ ದತ್ತಿಯನ್ನು ಕನ್ನಡಿಗರು 'ನೆತ್ತರುಗೊಡಗೆ' ಎಂದರು, ತಮಿಳರು 'ಉದಿರಪ್ಪಟ್ಟಿ' ಎಂದರು. ಎರಡರ ಅರ್ಥವೂ ಒಂದೇ: ನೆತ್ತರಿಗೆ ಪ್ರತಿಯಾಗಿ ಕೊಟ್ಟ ನೆಲ. ಮಾತು ಬೇರೆಯಾದರೂ ಋಣದ ಅರಿವು ಬೇರೆಯಾಗಿರಲಿಲ್ಲ.

ಈ ಎರಡು ನಾಡುಗಳು ಒಬ್ಬರಿಗೊಬ್ಬರು ಕಲ್ಲು ನೆಡಿಸುವ ಕಾಲವೂ ಇತ್ತೆಂಬುದನ್ನು ಮರೆಮಾಚಬೇಕಾಗಿಲ್ಲ. 949ರಲ್ಲಿ ತಕ್ಕೋಲದ ಕಾಳಗದಲ್ಲಿ ರಾಷ್ಟ್ರಕೂಟರ ಮುಮ್ಮಡಿ ಕೃಷ್ಣನ ಸೈನ್ಯವೂ ಚೋಳರ ಸೈನ್ಯವೂ ಇದಿರಾದುವು. ಚೋಳ ರಾಜಕುಮಾರ ರಾಜಾದಿತ್ಯನು ಆನೆಯ ಮೇಲೆಯೇ ಮಡಿದನು. ತಮಿಳು ಶಾಸನಗಳು ಅವನನ್ನು ಆನೆಯ ಮೇಲೆ ಮಡಿದ ದೇವರೆಂದೇ ಕರೆದಿವೆ. ಇತ್ತ ಕನ್ನಡದ ಪಡೆಯಲ್ಲಿ ಪರಾಕ್ರಮ ತೋರಿದ ಮಣಲೇರನಿಗೆ ಗಂಗರ ಬೂತುಗನು, ಬೇಕಾದುದನ್ನು ಕೇಳೆಂದಾಗ ಅವನು ಕಾಳಿ ಎಂಬ ಬೇಟೆನಾಯಿಯನ್ನು ಬೇಡಿ ಪಡೆದನು. ಆ ನಾಯಿಯು ಹಂದಿಯೊಡನೆ ಹೋರಾಡಿ ಸತ್ತಾಗ ಅದಕ್ಕೂ ಕಲ್ಲು ನೆಟ್ಟು ಭೂಮಿ ಬಿಟ್ಟರು. ಮಂಡ್ಯ ಜಿಲ್ಲೆಯ ಆತಕೂರಿನ ಆ ಶಾಸನವು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ನಾಯಿಯ ಋಣವನ್ನೂ ಕಲ್ಲಿನಲ್ಲಿ ಬರೆದಿಟ್ಟ ಜನ ನಮ್ಮವರು. ಡಾಟ್ ಮತ್ತು ಮಿಶಾ ಹಿಮವನ್ನು ಮೂಸಿ ಅಲೆದ ಸುದ್ದಿಯನ್ನು ಓದುವಾಗ ನಮಗೆ ಆ ಕಾಳಿ ನೆನಪಾಯಿತು.

ತಕ್ಕೋಲವು ಈಗ ರಾಣಿಪೇಟೆ ಜಿಲ್ಲೆಯಲ್ಲಿದೆ. 2019ರವರೆಗೆ ವೇಲೂರು ಜಿಲ್ಲೆಗೆ ಸೇರಿತ್ತು. ಹವಾಲ್ದಾರ್ ಏಳುಮಲೈಯವರ ಜಿಲ್ಲೆಯೇ ಅದು. ಸಾವಿರ ವರ್ಷಗಳ ಹಿಂದೆ ಕನ್ನಡಿಗನೂ ತಮಿಳನೂ ಒಬ್ಬರನ್ನೊಬ್ಬರು ಕೊಂದ ಜಿಲ್ಲೆಯವರೊಬ್ಬರು, ಕನ್ನಡಿಗ ನಾಗೇಶರ ಕೈಕೆಳಗೆ, ಕನ್ನಡಿಗ ಹನುಮಂತಪ್ಪನವರ ಮಗ್ಗುಲಲ್ಲಿ, ಒಂದೇ ಠಾಣೆಯ ಕಾವಲಿನಲ್ಲಿ ಜೀವ ಬಿಟ್ಟರು. ಚರಿತ್ರೆಯು ಇಷ್ಟು ದೂರ ನಡೆದು ಬಂದಿದೆ. ನಾವು ಟೀ ಅಂಗಡಿಯಲ್ಲಿ ಕುಳಿತು ಅದನ್ನು ಹಿಂದಕ್ಕೆ ತಳ್ಳಬಾರದು.

ಕೆಲವರು ಹೇಳಿಯಾರು: 'ಅಭಿಮಾನವಿಲ್ಲದ ಮೇಲೆ ಕನ್ನಡ ಸಂಘವೇಕೆ?' ಅಭಿಮಾನ ಬೇಡವೆಂದು ನಾವು ಹೇಳುವುದಿಲ್ಲ. ಹನುಮಂತಪ್ಪನವರು ಕನ್ನಡದ ಮಗನೆಂದು ನೆನೆದಾಗ ನಮ್ಮ ಎದೆ ತುಂಬುವುದು ಸಹಜ. ಆದರೆ ಅವರು ಕನ್ನಡಿಗರೆಂಬ ಕಾರಣಕ್ಕೆ ನಾವು ಅವರೊಬ್ಬರನ್ನೇ ಹಿಮದಿಂದ ಹೊರತೆಗೆದು ಉಳಿದವರನ್ನು ಅಲ್ಲಿಯೇ ಬಿಟ್ಟರೆ, ಒಬ್ಬರನ್ನೂ ಬಿಡದೆ ಅಗೆದ ಆ ನೂರೈವತ್ತು ಮಂದಿಯ ಮುಂದೆ ತಲೆ ಎತ್ತಲಾರೆವು. ಅವರು ಅಗೆಯುವಾಗ ಕೆಳಗಿರುವವನ ಭಾಷೆ ಯಾವುದೆಂದು ಕೇಳಲಿಲ್ಲ.

ಕೊನೆಯದಾಗಿ ಸಂಘದ ಮುಂದೆ ಮೂರು ಬಿನ್ನಹಗಳನ್ನು ಇಡುತ್ತೇವೆ. ಮೊದಲನೆಯದು: ಪ್ರತಿ ವರ್ಷದ ಉತ್ಸವದಲ್ಲಿ, ಪ್ರಾರ್ಥನೆಯಾದೊಡನೆ, ಈ ಹತ್ತು ಹೆಸರುಗಳನ್ನು ಒಬ್ಬ ಬಾಲಕನೋ ಬಾಲಕಿಯೋ ಕನ್ನಡ ಅಕ್ಷರದಲ್ಲಿ ಬರೆದುದನ್ನು ನೋಡಿ ಓದಬೇಕು. ಎರಡು ನಿಮಿಷದ ಕೆಲಸ. ಇದರಿಂದ ವೀರರ ಸ್ಮರಣೆಯಾಗುವುದು. ನಾಲಿಗೆಯ ಮೇಲೆ ಮಾತ್ರ ಉಳಿದಿರುವ ನಮ್ಮ ಭಾಷೆಯು ಮಕ್ಕಳ ಕಣ್ಣಿಗೂ ಬರುವುದು. ಎರಡನೆಯದು: ಪೊಳ್ಳಾಚಿಯಿಂದಲೂ ಸುತ್ತಿನ ಹಳ್ಳಿಗಳಿಂದಲೂ ಸೈನ್ಯಕ್ಕೆ ಹೋದವರ, ಹೋಗಿ ಮರಳದವರ ಹೆಸರುಗಳನ್ನು, ಅವರ ಮನೆಯ ಭಾಷೆ ಯಾವುದೇ ಆಗಿರಲಿ, ಕನ್ನಡ ತಮಿಳು ಎರಡು ಲಿಪಿಗಳಲ್ಲಿಯೂ ಸಂಘದ ಪುಸ್ತಕದಲ್ಲಿ ಬರೆದಿಡಬೇಕು. ಮೂರನೆಯದು ನೆತ್ತರುಗೊಡಗೆಯ ಮಾತು. ಭೂಮಿ ಬಿಡುವ ಶಕ್ತಿ ನಮಗಿಲ್ಲ. ಆದರೆ ಅಂಥ ಮನೆಯೊಂದರ ಪಿಂಚಣಿಯ ಕಾಗದ ನಿಂತುಹೋಗಿದ್ದರೆ ಕಚೇರಿಗೆ ಜೊತೆಯಲ್ಲಿ ಹೋಗಿ ಬರೆದುಕೊಡುವ, ಮಗುವೊಂದರ ಶಾಲೆಯ ಪುಸ್ತಕಕ್ಕೆ ನೆರವಾಗುವ ಶಕ್ತಿ ಈ ಸಭೆಯಲ್ಲಿ ಕುಳಿತ ಎಲ್ಲರಿಗೂ ಉಂಟು.

ಯುದ್ಧವನ್ನು ಹೊಗಳುವುದಕ್ಕಾಗಿ ನಾವು ಈ ಮಾತುಗಳನ್ನಾಡಲಿಲ್ಲ. ಕಾಡುಗುಲಾಬಿಯ ತಾಣವೆಂಬ ಹೆಸರು ಹೊತ್ತ ಆ ಪರ್ವತದಿಂದ ಎರಡು ಕಡೆಯ ಕಾವಲುಗಾರರೂ ಕ್ಷೇಮವಾಗಿ ಇಳಿದು ತಮ್ಮ ಮನೆಗಳಿಗೆ ಹೋಗುವ ದಿನ ಬರಲೆಂದೇ ನಮ್ಮ ಹಾರೈಕೆ. ಅದು ಬರುವ ತನಕ ಅಲ್ಲಿ ಯಾರೋ ಒಬ್ಬರ ಮಗ ಈ ರಾತ್ರಿಯೂ ಎಚ್ಚರವಾಗಿರುತ್ತಾನೆ. ನಮ್ಮ ಸೋದರತ್ತೆಯವರು ಈಗ ಇಲ್ಲ. ಅವರು ಕೇಳಿದ ಪ್ರಶ್ನೆ ಇದೆ. ಹತ್ತು ತಾಯಂದಿರಿಗೂ, ಅವರ ಮಕ್ಕಳನ್ನು ಪೊಳ್ಳಾಚಿಯಂಥ ದೂರದ ಊರಿನಲ್ಲಿ ನೆನೆದರೆಂದು ಯಾರಾದರೂ ಹೇಳುವಂತಾಗಲಿ.

 ಆ ಹತ್ತು ಮಂದಿಯ ಸಲುವಾಗಿ ಈಗ ಎಲ್ಲರೂ ಎದ್ದು ಒಂದು ನಿಮಿಷ ಮೌನವಾಗಿ ನಿಲ್ಲಬೇಕೆಂದು ಪ್ರಾರ್ಥಿಸುತ್ತೇವೆ.